ನೀರಿನ ನಡುವಿನ ಕೋಟೆ, ಕಾಲುವೆ ಮೇಲಿನ ಕಂದೀಲು

ನಮ್ಮ ಮನೆಗೆ ಪೇಪರ್ ಬಂದ ತಕ್ಷಣ ಅವ್ವ ಕೇಳುವುದು ಒಂದೇ ಮಾತು. "ಡ್ಯಾಂ ಎಷ್ಟಾತು?"

ಬಳ್ಳಾರಿ, ಕೊಪ್ಪಳ, ರಾಯಚೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಂಗಭದ್ರಾ ಡ್ಯಾಂ ತುಂಬಿದರೆ 1,633 ಅಡಿ. ಒಳಹರಿವು ಇಷ್ಟು, ಹೊರಹರಿವು ಇಷ್ಟು, ಸಂಗ್ರಹ ಇಷ್ಟು ಟಿಎಂಸಿ. ಮಳೆಗಾಲ ಬಂದರೆ ಚಹಾ ಅಂಗಡಿಯಲ್ಲಿ ಕ್ರಿಕೆಟ್ ಸ್ಕೋರಿಗಿಂತ ಈ ಲೆಕ್ಕವೇ ಜಾಸ್ತಿ ಓಡುತ್ತದೆ. ಅವ್ವನಿಗೆ ಹೊಲ ಇಲ್ಲ, ಗದ್ದೆ ಇಲ್ಲ. ಆದರೂ ಆ ಅಂಕಿ ಕಿವಿಗೆ ಬೀಳದೆ ಅವಳ ದಿನ ಶುರುವಾಗುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತಲ್ಲ, ಸುದ್ದಿ ತಿಳಿದ ಮೇಲೆ ಅವಳು ಅನ್ನ ಮುಟ್ಟಲಿಲ್ಲ. ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅನ್ನುವ ಹಾಗೆ ಸುಮ್ನೆ ಫೋನಿನ ಮುಂದೆ ಕೂತಿದ್ದಳು.

ಅದರ ಮರುವರ್ಷ ತಮ್ಮ ನಮ್ಮಿಬ್ಬರನ್ನೂ ಸಿಡ್ನಿಗೆ ಕರೆಸಿಕೊಂಡ. ಅವನು ಅಲ್ಲಿ ಕೆಲಸಕ್ಕೆ ಸೇರಿ ಆರು ವರ್ಷ ಆಗಿತ್ತು. ಸಮುದ್ರ ನೋಡಬೇಕಂದರೆ ಒಂದು ರಾತ್ರಿ ಪೂರ್ತಿ ಬಸ್ಸಿನಲ್ಲಿ ಕೂರಬೇಕಾದ ಊರಿನವರು ನಾವು. ನೆಲದ ಒಳಗೆ ಅಷ್ಟು ದೂರ ಚಾಚಿಕೊಂಡ ಸಮುದ್ರ, ಅದರ ಮೇಲೆ ಸಿಟಿ ಬಸ್ಸಿನ ಹಾಗೆ ಓಡಾಡುವ ಹಡಗು, ಇದೆಲ್ಲ ನಮಗೆ ಹೊಸದು.

ಸರ್ಕ್ಯುಲರ್ ಕೀ ಎಂಬಲ್ಲಿಂದ ಮ್ಯಾನ್ಲಿಗೆ ಹೋಗುವ ಫೆರ್ರಿ ಹತ್ತಿದೆವು. ಎಲ್ಲರೂ ಫೋನು ಹಿಡಿದು ಒಂದು ಕಡೆ ಆಪೆರಾ ಹೌಸು, ಇನ್ನೊಂದು ಕಡೆ ದೊಡ್ಡ ಕಬ್ಬಿಣದ ಸೇತುವೆ ಎಂದು ಫೋಟೋ ತೆಗೆಯುತ್ತಿದ್ದರು. ಅವ್ವ ಎರಡನ್ನೂ ಒಂದೊಂದು ಸಲ ನೋಡಿ, ಕಂಬಿ ಹಿಡಿದು ಮುಂದಕ್ಕೆ ನಿಂತಳು. ಸ್ವಲ್ಪ ಹೊತ್ತಿಗೆ ನನ್ನ ಸೆರಗು ಜಗ್ಗಿದಳು.

"ಅದೇನದು, ನೀರೊಳಗ ಗುಡಿ ಇದ್ದಂಗೈತಿ?"

ನೀರಿನ ನಡುವೆ ಸಣ್ಣದೊಂದು ದ್ವೀಪ. ದ್ವೀಪ ಅನ್ನುವುದಕ್ಕಿಂತ ಕಲ್ಲಿನ ಕಟ್ಟೆ ಅನ್ನಬಹುದು. ಸುತ್ತ ಕಂದು ಕಲ್ಲಿನ ಗೋಡೆ, ಒಂದು ತುದಿಯಲ್ಲಿ ಗುಂಡಗಿನ ಬುರುಜು. ಬುರುಜಿನ ನೆತ್ತಿ ಮೇಲೆ ಒಂದು ಪುಟ್ಟ ದೀಪದ ಗೂಡು. ದೂರದಿಂದ ನೋಡಿದರೆ ನಿಜವಾಗಿಯೂ ಹೊಂಡದ ನಡುವಿನ ಗುಡಿಯ ಹಾಗೇ ಕಾಣುತ್ತದೆ.

"ಫೋರ್ಟ್ ಡೆನಿಸನ್ ಅಂತಾರ" ಎಂದ ತಮ್ಮ. "ಮೇಲಿರೋದು ಲೈಟ್‌ಹೌಸು. ಒಳಗ ಸಮುದ್ರದ ನೀರಿನ ಮಟ್ಟ ಅಳೆಯೋ ಮಷೀನೈತಿ. ನೂರು ವರ್ಷದ ಮ್ಯಾಲಾತು ಬರಕೊಂತ ಬಂದಾರ."

ಅವ್ವ ಗಕ್ಕನೆ ಅವನ ಕಡೆ ತಿರುಗಿದಳು. "ಗೇಜಾ? ಅಲ್ಲಿ ಗೇಜು ಐತಾ?"

ಅವಳಿಗೆ ಆ ಪದ ಎಲ್ಲಿಂದ ಬಂತು ಅಂತ ಆಮೇಲೆ ಹೇಳುತ್ತೇನೆ. ಆ ದಿನದಿಂದ ನಾನು ಆ ಕಲ್ಲಿನ ಕಟ್ಟೆಯ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ.

ಅಲ್ಲಿನ ಮೂಲನಿವಾಸಿಗಳು ಅದನ್ನು ಮುದ್ದವಾನ್ಯು ಎಂದು ಕರೆಯುತ್ತಿದ್ದರು. ಕಲ್ಲಿನ ದ್ವೀಪ ಎಂದರ್ಥ. ಆಗ ಅದು ಈಗಿನ ಹಾಗೆ ಚಪ್ಪಟೆ ಇರಲಿಲ್ಲ. ನೀರಿನಿಂದ ಮೇಲೆದ್ದು ನಿಂತ ಸುಮಾರು 15 ಮೀಟರ್ ಎತ್ತರದ ಬಂಡೆ. 1788ರಲ್ಲಿ ಇಂಗ್ಲಿಷರು ಕೈದಿಗಳನ್ನು ತುಂಬಿಕೊಂಡು ಬಂದು ಇಳಿದ ವರ್ಷವೇ ಅದಕ್ಕೆ ಬೇರೆ ಕೆಲಸ ಹಚ್ಚಿದರು. ಥಾಮಸ್ ಹಿಲ್ ಎಂಬ ಕೈದಿಯನ್ನು ಕಾಲಿಗೆ ಬೇಡಿ ಹಾಕಿ, ಬರೀ ರೊಟ್ಟಿ ನೀರು ಕೊಟ್ಟು ಒಂದು ವಾರ ಆ ಬಂಡೆ ಮೇಲೆ ಬಿಟ್ಟರು. ಆಮೇಲೆ ಅದಕ್ಕೆ ಪಿಂಚ್‌ಗಟ್ ಎಂಬ ಹೆಸರು ಬಿತ್ತು. ಅಂದರೆ ಹೊಟ್ಟೆ ಚುರುಗುಟ್ಟಿಸುವ ಜಾಗ. ಇಕ್ಕಟ್ಟಾದ ನೀರಿನ ದಾರಿಗೆ ನಾವಿಕರು ಹೇಳುವ ಮಾತಿನಿಂದ ಬಂದ ಹೆಸರು ಎನ್ನುವವರೂ ಇದ್ದಾರೆ. 1796ರಲ್ಲಿ ಫ್ರಾನ್ಸಿಸ್ ಮಾರ್ಗನ್ ಎಂಬ ಕೊಲೆಗಾರನನ್ನು ಅಲ್ಲೇ ಗಲ್ಲಿಗೆ ಹಾಕಿದರು. ಹೆಣವನ್ನು ಇಳಿಸಲಿಲ್ಲ. ಹೊಸದಾಗಿ ಬರುವ ಕೈದಿಗಳು ನೋಡಿ ಹೆದರಲಿ ಎಂದು ಸರಪಳಿಯಲ್ಲಿ ವರ್ಷಗಟ್ಟಲೆ ತೂಗಲು ಬಿಟ್ಟರು.

ಇದನ್ನು ಓದಿದ ದಿನ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಈಗ ಅಲ್ಲಿ ಎಷ್ಟು ಚಂದ ದೀಪ ಉರಿಯುತ್ತದೆ ಅಂದುಕೊಂಡರೂ ಆ ಸರಪಳಿ ಕಣ್ಣ ಮುಂದಿನಿಂದ ಹೋಗಲಿಲ್ಲ.

ಕೋಟೆಯ ಕಥೆ ಆಮೇಲಿನದು. 1839ರಲ್ಲಿ ಒಂದು ರಾತ್ರಿ ಅಮೆರಿಕದ ಎರಡು ಯುದ್ಧನೌಕೆಗಳು ಯಾರಿಗೂ ಗೊತ್ತಾಗದ ಹಾಗೆ ಬಂದರಿನೊಳಗೆ ಬಂದು ಲಂಗರು ಹಾಕಿದವು. ಬೆಳಗಾದಾಗ ಊರಿನವರು ಕಣ್ಣುಜ್ಜಿಕೊಂಡು ನೋಡಿದರು. ಸ್ನೇಹದಿಂದ ಬಂದವರೇನೋ ಸರಿ, ಶತ್ರುಗಳೇ ಆಗಿದ್ದರೆ? ಆ ಭಯಕ್ಕೆ ಕೈದಿಗಳ ಕೈಯಲ್ಲಿ ಬಂಡೆ ಕಡಿಸಿ ಸಮ ಮಾಡಿಸಿದರು. ಗುಡ್ಡ ಕಡಿದು ಬಯಲು ಮಾಡುವುದು ಏನೆಂದು ಸಂಡೂರಿನ ಕಡೆಯವರಿಗೆ ಹೇಳಬೇಕೇ? ಅಷ್ಟಾದ ಮೇಲೆ ಕೆಲಸ ನಿಂತಿತು. ಹತ್ತಾರು ವರ್ಷ ಕಳೆದು ಕ್ರೈಮಿಯಾ ಯುದ್ಧ ಬಂತು. ರಷ್ಯಾದ ನೌಕೆಗಳು ಬಂದಾವು ಎಂಬ ಹೊಸ ಭಯ ಹುಟ್ಟಿತು. ಆಗಿನ ಗವರ್ನರ್ ಸರ್ ವಿಲಿಯಂ ಡೆನಿಸನ್ ಸ್ವತಃ ಸೇನೆಯ ಇಂಜಿನಿಯರ್. ನಿಂತ ಕೆಲಸ ಮತ್ತೆ ಹಿಡಿಸಿ 1857ರಲ್ಲಿ ಮುಗಿಸಿದ. ಕೋಟೆಗೆ ಅವನದೇ ಹೆಸರು.

ಈ ಹೆಸರು ಎಲ್ಲೋ ಕೇಳಿದ್ದೇನಲ್ಲ ಅನಿಸಿತು. ಹುಡುಕಿದೆ. ಸಿಡ್ನಿಯಲ್ಲಿ ಅವನ ಅವಧಿ ಮುಗಿದದ್ದು 1861ರಲ್ಲಿ. ಅದೇ ವರ್ಷ ಅವನು ಮದ್ರಾಸಿನ ಗವರ್ನರ್ ಆಗಿ ಬಂದ. 1866ರವರೆಗೂ ಇದ್ದ. ನಡುವೆ 1863ರ ಡಿಸೆಂಬರಿನಿಂದ ಒಂದೂವರೆ ತಿಂಗಳು ಇಡೀ ದೇಶಕ್ಕೇ ಹಂಗಾಮಿ ವೈಸರಾಯ್ ಕೂಡ ಆಗಿದ್ದ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದ ಜಿಲ್ಲೆ. 1800ರಲ್ಲಿ ನಿಜಾಮ ಬಿಟ್ಟುಕೊಟ್ಟಾಗಿನಿಂದ 1953ರಲ್ಲಿ ಮೈಸೂರಿಗೆ ಸೇರುವ ತನಕ ನಾವು ಮದ್ರಾಸಿನವರೇ. ಅಂದರೆ ಆ ನೀರಿನ ಕೋಟೆಗೆ ಹೆಸರು ಕೊಟ್ಟವನು ಐದು ವರ್ಷ ನಮ್ಮ ಮುತ್ತಜ್ಜಂದಿರ ಮೇಲೆ ದರ್ಬಾರು ಮಾಡಿದ್ದ. ಹದಿನೈದು ಗಂಟೆಗೂ ಹೆಚ್ಚು ವಿಮಾನದಲ್ಲಿ ಕೂತು ಹೋದ ಕಡೆ ನಮ್ಮ ಹಳೇ ಗವರ್ನರನ ಹೆಸರು ನೀರಿನ ನಡುವೆ ನಿಂತಿತ್ತು. ಬ್ರೂಸ್‌ಪೇಟೆ ಸ್ಟೇಷನ್ನಿನ ಮುಂದೆ ದಿನಾ ಓಡಾಡುವ ನನಗೆ, ಬಂದು ಹೋದವರ ಹೆಸರು ಊರಿಗೆ ಅಂಟಿಕೊಳ್ಳುವುದು ಹೊಸದಲ್ಲ. ಆದರೂ ಮೈ ಜುಮ್ಮೆಂದಿತು.

ಆ ಗುಂಡಗಿನ ಬುರುಜಿಗೆ ಮಾರ್ಟೆಲೊ ಟವರ್ ಅನ್ನುತ್ತಾರೆ. 1794ರಲ್ಲಿ ಕಾರ್ಸಿಕಾ ದ್ವೀಪದ ಮೊರ್ಟೆಲ್ಲಾ ಎಂಬಲ್ಲಿ ಒಂದು ಸಣ್ಣ ಬುರುಜು ಬ್ರಿಟಿಷರ ಎರಡು ಯುದ್ಧನೌಕೆಗಳ ಗುಂಡಿಗೂ ಜಗ್ಗಲಿಲ್ಲ. ಏಟು ತಿಂದ ಬ್ರಿಟಿಷರು ಅದರ ನಮೂನೆಯಲ್ಲೇ ತಮ್ಮ ಕರಾವಳಿಗಳಲ್ಲಿ ಬುರುಜು ಕಟ್ಟಿಕೊಂಡರು. ಆಸ್ಟ್ರೇಲಿಯಾದಲ್ಲಿ ಕಟ್ಟಿದ್ದು ಇದೊಂದೇ. ಒಳಗೆ ಮೂರು ತೋಪುಗಳಿವೆ. ಬುರುಜು ಕಟ್ಟುವಾಗಲೇ ಅವುಗಳನ್ನು ಒಳಗಿಟ್ಟು ಮೇಲೆ ಮುಚ್ಚಿದರು. ಮೆಟ್ಟಿಲಿನ ದಾರಿ ಎಷ್ಟು ಕಿರಿದು ಅಂದರೆ ಅವನ್ನು ಹೊರಗೆ ತೆಗೆಯಲು ಬರುವುದೇ ಇಲ್ಲ. ಕೋಣೆಯೊಳಗೇ ಬಡಗಿ ಜೋಡಿಸಿದ ಸಾಗವಾನಿ ಮಂಚ ಇರುತ್ತದಲ್ಲ, ಬಾಗಿಲಲ್ಲಿ ಹಿಡಿಸುವುದಿಲ್ಲ, ಮನೆ ಬೀಳುವವರೆಗೂ ಅಲ್ಲೇ. ಆ ತೋಪುಗಳೂ ಹಾಗೇ. ಯಾವ ಶತ್ರುವಿನ ಮೇಲೂ ಅವು ಒಂದು ಗುಂಡು ಹಾರಿಸಲಿಲ್ಲ. ರಷ್ಯಾದವರು ಬರಲೇ ಇಲ್ಲ. ಕೋಟೆ ಮುಗಿಯುವ ಹೊತ್ತಿಗೆ ಅಂಥ ತೋಪುಗಳ ಕಾಲವೇ ಮುಗಿಯುತ್ತ ಬಂದಿತ್ತು. ಅದರ ಮರುವರ್ಷ, 1858ರಲ್ಲಿ, ನಮ್ಮ ಕೊಪ್ಪಳದ ಕೋಟೆಯಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರ ಜೊತೆ ಕಾದಾಡುತ್ತ ಪ್ರಾಣ ಬಿಟ್ಟ. ಒಂದೇ ಸಾಮ್ರಾಜ್ಯದ ಕಾಲ. ಒಂದು ಕೋಟೆಯಲ್ಲಿ ರಕ್ತ, ಇನ್ನೊಂದರಲ್ಲಿ ತೋಪಿನ ಮೇಲೆ ಧೂಳು.

ಆ ಬುರುಜಿಗೆ ಪೆಟ್ಟು ಬಿದ್ದದ್ದು ಒಂದೇ ಸಲ. 1942ರ ಮೇ 31ರ ರಾತ್ರಿ ಜಪಾನಿನ ಮೂರು ಪುಟ್ಟ ಸಬ್‌ಮರೀನುಗಳು ಬಂದರಿಗೆ ನುಗ್ಗಿದವು. ಅಲ್ಲಿದ್ದ ಅಮೆರಿಕದ ಚಿಕಾಗೋ ಎಂಬ ಯುದ್ಧನೌಕೆ ಅವುಗಳ ಮೇಲೆ ಗುಂಡು ಹಾರಿಸಿತು. ಕತ್ತಲು, ಗಾಬರಿ. ಗುಂಡು ಬುರುಜಿಗೆ ತಾಗಿತು. ಗುರುತು ಇವತ್ತಿಗೂ ಇದೆ. ಅದೇ ರಾತ್ರಿ ಕುಟ್ಟಬುಲ್ ಎಂಬ ಹಡಗು ಮುಳುಗಿ 21 ನಾವಿಕರು ತೀರಿಕೊಂಡರು.

ಕೋಟೆಯೆಂದು ಅದು ಮಾಡಿದ್ದು ಇಷ್ಟೇ. ಜನರ ನಿತ್ಯದ ಕೆಲಸಕ್ಕೆ ಬಂದದ್ದು ಬೇರೆಯೇ ಮೂರು.

ಒಂದು, ಹೊತ್ತು. 1906ರಿಂದ ದಿನಾ ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಅಲ್ಲಿಂದ ಒಂದು ತೋಪು ಹಾರಿಸತೊಡಗಿದರು. ಗುಂಡಿಲ್ಲದ, ಬರೀ ಸದ್ದಿನ ತೋಪು. ಬಂದರಿನಲ್ಲಿ ನಿಂತ ಹಡಗುಗಳವರು ಆ ಸದ್ದಿಗೆ ತಮ್ಮ ಗಡಿಯಾರ ಹೊಂದಿಸಿಕೊಳ್ಳುತ್ತಿದ್ದರು. ಸಮುದ್ರದಲ್ಲಿ ಪೂರ್ವ ಪಶ್ಚಿಮ ಎಷ್ಟು ದೂರ ಬಂದೆವು ಎಂದು ಲೆಕ್ಕ ಹಾಕಲು ಗಡಿಯಾರ ಸರಿ ಇರಬೇಕು. ನಾಲ್ಕು ನಿಮಿಷ ತಪ್ಪಿದರೆ ರೇಖಾಂಶದಲ್ಲಿ ಒಂದು ಡಿಗ್ರಿ ತಪ್ಪಿದ ಹಾಗೆ. ಎರಡನೇ ಮಹಾಯುದ್ಧದಲ್ಲಿ ಜನ ಗಾಬರಿಯಾದಾರೆಂದು ಅದನ್ನು ನಿಲ್ಲಿಸಿದರು. ಮತ್ತೆ ಶುರುವಾದದ್ದು 1986ರಲ್ಲಿ. ನಾನು ಚಿಕ್ಕವಳಿದ್ದಾಗ ನಮ್ಮ ಕಡೆ ಮಿಲ್ಲಿನ ಸೈರನ್ ಕೂಗಿದರೆ ಅಮ್ಮಂದಿರು ಅಕ್ಕಿಗೆ ಎಸರಿಡುತ್ತಿದ್ದರು. ಆ ಕೂಗಿಗೂ ಈ ತೋಪಿಗೂ ಬಹಳ ವ್ಯತ್ಯಾಸ ಕಾಣುವುದಿಲ್ಲ ನನಗೆ.

ಎರಡು, ಬೆಳಕು. ಈಗ ಬುರುಜಿನ ನೆತ್ತಿ ಮೇಲಿರುವ ದೀಪದ ಗೂಡು 1913ರದ್ದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಮಾಡಿ ಹಡಗಿನಲ್ಲಿ ತಂದದ್ದು. ದೊಡ್ಡ ಸಮುದ್ರದ ದೀಪಸ್ತಂಭಗಳ ಹಾಗೆ ಅದು ಹತ್ತಾರು ಮೈಲಿ ದೂರ ಕಾಣಬೇಕಿಲ್ಲ. ಅದರ ಕೆಲಸ ಚಿಕ್ಕದು. ಇಲ್ಲಿ ಕಲ್ಲಿದೆ, ನೋಡಿಕೊಂಡು ಹೋಗಿ. ಅಷ್ಟೇ. ಹೆಣ ತೂಗುಹಾಕಿ ಜನರನ್ನು ಹೆದರಿಸಿದ ಅದೇ ಕಲ್ಲು ಈಗ ರಾತ್ರಿ ಇಡೀ ದಾರಿ ಹೇಳುತ್ತ ನಿಂತಿರುತ್ತದೆ.

ಮೂರನೆಯದು ಅವ್ವನ ಗೇಜು.

ಅವ್ವನ ಅಪ್ಪ, ನನ್ನ ಅಜ್ಜ, ತುಂಗಭದ್ರಾ ಕಾಲುವೆಯಲ್ಲಿ ಲಸ್ಕರ್ ಆಗಿದ್ದ. ನಮ್ಮ ಕಡೆಯವರಿಗೆ ಲಸ್ಕರ್ ಎಂದರೆ ಗೊತ್ತು. ಕಾಲುವೆ ಗೇಟು ಏರಿಸುವುದು, ಇಳಿಸುವುದು, ಏರಿ ಮೇಲೆ ನಡೆದು ಎಲ್ಲಿ ಸೋರುತ್ತಿದೆ ನೋಡುವುದು, ರಾತ್ರಿ ಯಾರಾದರೂ ಕಳ್ಳತನದಿಂದ ತೂಬು ಎತ್ತಿದರೆ ಹೋಗಿ ಜಗಳ ಆಡುವುದು. ಜೊತೆಗೆ ಗೇಜು ನೋಡುವುದು. ಕಾಲುವೆಯ ಕಲ್ಲುಗೋಡೆಗೆ ಬಿಳಿ ಬಣ್ಣದ ಪಟ್ಟಿ, ಅದರ ಮೇಲೆ ಕಪ್ಪು ಗೆರೆ. ಅಡಿ, ಅಡಿಯಲ್ಲಿ ಹತ್ತು ಭಾಗ. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ನೀರು ಯಾವ ಗೆರೆಗಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯಬೇಕು.

ಕೇಳಲು ಸುಲಭ. ಆದರೆ ನೀರು ಸುಮ್ನೆ ನಿಲ್ಲುವುದಿಲ್ಲ, ಅಲ್ವಾ? ಗಾಳಿ ಬೀಸಿದರೆ ತೆರೆ ಏಳುತ್ತದೆ. ಅಜ್ಜ ಮೆಟ್ಟಿಲಲ್ಲಿ ಕುಕ್ಕರಗಾಲಲ್ಲಿ ಕೂತು, ತೆರೆ ಎಲ್ಲಿಯವರೆಗೆ ಏರುತ್ತದೆ, ಎಲ್ಲಿಗೆ ಇಳಿಯುತ್ತದೆ ಎಂದು ಹತ್ತಿಪ್ಪತ್ತು ಸಲ ನೋಡಿ, ನಡುವಿನ ಗೆರೆ ಹಿಡಿಯುತ್ತಿದ್ದನಂತೆ. ಹಿಡಿದ ಮೇಲೆ ಕಿವಿಯ ಮೇಲಿನ ಪೆನ್ಸಿಲ್ ತೆಗೆಯುತ್ತಿದ್ದ. ಚಳಿಗಾಲದ ಬೆಳಿಗ್ಗೆ ಕತ್ತಲಿದ್ದರೆ ಅವ್ವ ಕಂದೀಲು ಹಿಡಿದು ಪಕ್ಕದಲ್ಲಿ ನಿಲ್ಲಬೇಕು. ಕೈ ಅಲುಗಿದರೆ ಬೈಗುಳ. ರಾತ್ರಿ ಅದೇ ಕಂದೀಲನ್ನು ಗೇಟಿನ ಹತ್ತಿರ ಮೊಳೆಗೆ ತೂಗುಹಾಕುತ್ತಿದ್ದ. ಏರಿ ಮೇಲೆ ಎತ್ತಿನ ಗಾಡಿ ಹೊಡೆದುಕೊಂಡು ಬರುವವರಿಗೆ ಕಾಲುವೆ ಎಲ್ಲಿ ತಿರುಗುತ್ತದೆ ಎಂದು ಗೊತ್ತಾಗಲಿ ಎಂದು.

ಆ ಪುಸ್ತಕಗಳಲ್ಲಿ ಒಂದು ಮನೆಯಲ್ಲೇ ಉಳಿದಿದೆ. ಅರ್ಧ ಬರೆದದ್ದು, ಅರ್ಧ ಖಾಲಿ. ಹಾಳೆ ಹಳದಿ ಆಗಿ ಅಂಚು ಪುಡಿಯಾಗುತ್ತಿದೆ. ಅವ್ವ ಹುಟ್ಟಿದ ದಿನದ ಸಾಲೂ ಇದೆ. ಬೆಳಿಗ್ಗೆ ಇಷ್ಟು, ಸಂಜೆ ಇಷ್ಟು. ಮನೆಯಲ್ಲಿ ಹೆಂಡತಿಗೆ ಹೆರಿಗೆ, ಅವನು ಎರಡು ಹೊತ್ತೂ ಗೇಜು ನೋಡಿ ಬಂದಿದ್ದಾನೆ. ಅವ್ವ ಅದನ್ನು ಎಲ್ಲರಿಗೂ ತೋರಿಸುತ್ತಾಳೆ. ನಾನು ಮೊದಲು ಅದನ್ನು ಅಪ್ಪನ ಮೇಲಿನ ಸಿಟ್ಟು ಎಂದುಕೊಂಡಿದ್ದೆ. ಸಿಟ್ಟಲ್ಲ. ಹೆಮ್ಮೆ.

ಸಿಡ್ನಿಯ ಗೇಜು ಸಮುದ್ರದ್ದು. ಚಂದ್ರ ಎಳೆದ ಹಾಗೆ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಹಳೇ ಕಾಲದ ಇಂಥ ಯಂತ್ರಗಳಲ್ಲಿ ತೆರೆಯ ಕಾಟ ತಪ್ಪಿಸಲು ಒಂದು ಬಾವಿ ಮಾಡುತ್ತಿದ್ದರು. ಸಣ್ಣ ತೂತಿನಿಂದ ಸಮುದ್ರದ ನೀರು ಮೆಲ್ಲಗೆ ಒಳಗೆ ಬರಬೇಕು. ತೆರೆ ಹೊರಗೇ ಉಳಿಯುತ್ತದೆ, ಮಟ್ಟ ಮಾತ್ರ ಒಳಗೆ ಬರುತ್ತದೆ. ಬಾವಿಯಲ್ಲಿ ತೇಲುವ ಬುರುಡೆ ಏರಿಳಿದ ಹಾಗೆ ತಂತಿ ಎಳೆದು, ಸುತ್ತುವ ಕಾಗದದ ಮೇಲೆ ಪೆನ್ನು ಗೆರೆ ಬರೆಯುತ್ತದೆ. ಇದನ್ನು ಹೇಳಿದಾಗ ಅವ್ವ ತಲೆ ಆಡಿಸಿದಳು. "ನಮ್ಮಪ್ಪ ಕಣ್ಣಾಗ ಮಾಡತಿದ್ದದ್ದು ಅವರು ಬಾವ್ಯಾಗ ಮಾಡ್ಯಾರ" ಅಂದಳು. ಇಷ್ಟು ಸರಿಯಾಗಿ ನನಗೆ ಹೇಳಲು ಬರುತ್ತಿರಲಿಲ್ಲ.

ಫೋರ್ಟ್ ಡೆನಿಸನ್ನಿನ 1886ರಿಂದೀಚಿನ ಲೆಕ್ಕವನ್ನು ಇಂದು ಜಗತ್ತಿನ ವಿಜ್ಞಾನಿಗಳು ಬಳಸುತ್ತಾರೆ. ಭೂಮಿಯ ದಕ್ಷಿಣದ ಅರ್ಧದಲ್ಲಿ ಇಷ್ಟು ಉದ್ದನೆಯ ಲೆಕ್ಕ ಇರುವ ಜಾಗಗಳು ಬಹಳ ಕಡಿಮೆ. ಸಮುದ್ರ ಏರುತ್ತಿದೆಯೇ, ಎಷ್ಟು ಏರುತ್ತಿದೆ ಎಂದು ತಿಳಿಯಬೇಕಾದರೆ ಒಂದು ವರ್ಷದ ಅಂಕಿ ಸಾಲದು. ನೂರು ವರ್ಷ ಬೇಕು. ಯಾರೋ ಒಬ್ಬರು ಆವತ್ತು ತಪ್ಪಿಸದೆ ನೋಡಿರಬೇಕು, ಗೀಚಿದ ಕಾಗದ ಎಸೆಯದೆ ಇಟ್ಟಿರಬೇಕು. ನಮ್ಮ ಡ್ಯಾಮಿನ ಲೆಕ್ಕವೂ ಹಾಗೇ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮು ಈಗ ಹೂಳು ತುಂಬಿ 105ರ ಆಸುಪಾಸಿಗೆ ಬಂದಿದೆ ಎಂದು ನಮಗೆ ಗೊತ್ತಾಗಿದ್ದು ಅಳೆದದ್ದರಿಂದ. ಕೆಳಭಾಗದ ರೈತರಿಗೆ ಎರಡನೇ ಬೆಳೆಗೆ ನೀರಿಲ್ಲ ಎಂಬ ಕೂಗಿನ ಹಿಂದೆ ಈ ಅಂಕಿಯೂ ಇದೆ.

ಲಸ್ಕರ್ ಎಂಬ ಪದದ ಹಿಂದೆಯೂ ಸ್ವಲ್ಪ ದಿನ ಬಿದ್ದೆ. ಪಾರ್ಸಿಯಲ್ಲಿ ಲಷ್ಕರ್ ಎಂದರೆ ಸೈನ್ಯ. ಅದು ಹಡಗು ಹತ್ತಿ, ಬ್ರಿಟಿಷರ ಹಡಗುಗಳಲ್ಲಿ ದುಡಿಯುವ ನಮ್ಮ ದೇಶದ ನಾವಿಕರ ಹೆಸರಾಯಿತು. ಆಮೇಲೆ ಮೆಲ್ಲಗೆ ನೆಲಕ್ಕಿಳಿದು, ಸಮುದ್ರವನ್ನೇ ನೋಡದ ಬಳ್ಳಾರಿ ಜಿಲ್ಲೆಯ ಕಾಲುವೆ ಏರಿ ಮೇಲೆ ಬಂದು ನಿಂತಿತು. ಕತ್ತಿ ಹಿಡಿದವನ ಹೆಸರು ನೀರು ಕಾಯುವವನಿಗೆ ಬಂತು. ಅಜ್ಜನಿಗೆ ಇದನ್ನು ಹೇಳಬೇಕಿತ್ತು.

ಆ ಕಡಲ ಲಸ್ಕರರು ಸಿಡ್ನಿಯ ಆರಂಭದ ದಿನಗಳಲ್ಲೇ ಅಲ್ಲಿ ಕಾಲಿಟ್ಟಿದ್ದಾರೆ. 1796ರಲ್ಲಿ ಕಲ್ಕತ್ತೆಯಿಂದ ಹೊರಟ ಸಿಡ್ನಿ ಕೋವ್ ಎಂಬ ಹಡಗು 1797ರಲ್ಲಿ ದಕ್ಷಿಣದ ಒಂದು ದ್ವೀಪದ ಬಳಿ ಒಡೆಯಿತು. ಸಹಾಯ ತರಲು 17 ಜನ ದೋಣಿಯಲ್ಲಿ ಹೊರಟರು. ದೋಣಿಯೂ ಒಡೆದು, ದಂಡೆ ಹಿಡಿದು ನೂರಾರು ಕಿಲೋಮೀಟರ್ ನಡೆದರು. ಆ 17ರಲ್ಲಿ 12 ಜನ ಲಸ್ಕರರು. ಕೊನೆಗೆ ಮೀನು ಹಿಡಿಯುವ ದೋಣಿಯವರ ಕಣ್ಣಿಗೆ ಬಿದ್ದು ಬದುಕಿದ್ದು ಮೂವರು. ಅವರಲ್ಲಿ ಒಬ್ಬ ಲಸ್ಕರ್. ದೋಣಿ ಬಂದರಿನ ಬಾಯಿಯಿಂದ ಊರಿನ ಕಡೆ ಬರುವಾಗ ಈ ಬಂಡೆಯ ಹತ್ತಿರವೇ ಬಂದಿರಬೇಕು. ಆಗ ಅಲ್ಲಿ ದೀಪ ಇರಲಿಲ್ಲ. ಮಾರ್ಗನ್ನನ ಹೆಣ ತೂಗುತ್ತಿತ್ತು. ಅಷ್ಟು ದೂರ ನಡೆದು ಜೀವ ಉಳಿಸಿಕೊಂಡು ಬಂದವನಿಗೆ ಊರು ತೋರಿಸಿದ ಮೊದಲ ನೋಟ ಅದಾಗಿದ್ದರೆ, ಎಂಥ ಸ್ವಾಗತ.

ಊರಿಗೆ ಬಂದ ಮೇಲೆ ಒಂದು ಭಾನುವಾರ ಬಳ್ಳಾರಿ ಗುಡ್ಡ ಹತ್ತಿದೆ. ಬೋಳು ಬಂಡೆಗೆ ಕಡಿದ ಮೆಟ್ಟಿಲು, ಮೇಲೆ ಮಳೆ ನೀರು ಹಿಡಿಯುವ ದೋಣಿಗಳು. ಮೇಲುಕೋಟೆ ಹಂಡೆ ನಾಯಕರದ್ದು, ಕೆಳಗಿನದು ಹೈದರಾಲಿ ಕಟ್ಟಿಸಿದ್ದು. ಕಟ್ಟಿದ ಫ್ರೆಂಚ್ ಇಂಜಿನಿಯರನ ಕಥೆ ಊರಿನ ಹುಡುಗರಿಗೆಲ್ಲ ಗೊತ್ತು. ಎದುರಿಗಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಇದೆ, ಅಲ್ಲಿಂದ ತೋಪು ಹಾರಿಸಿದರೆ ಕೋಟೆ ಉಳಿಯುವುದಿಲ್ಲ ಎಂದು ಆಮೇಲೆ ತಿಳಿದು ಹೈದರ್ ಅವನನ್ನು ಗಲ್ಲಿಗೇರಿಸಿದನಂತೆ. ಮುಂಚೆ ನಾನು ಈ ಕಥೆ ಹೇಳುವಾಗ ಇಂಜಿನಿಯರ್ ಮಾಡಿದ ತಪ್ಪನ್ನೇ ದೊಡ್ಡದು ಮಾಡಿ ಹೇಳುತ್ತಿದ್ದೆ. ಆವತ್ತು ಮೇಲೆ ಕೂತಾಗ ಅವನ ಬಗ್ಗೆ ಬಹಳ ಹೊತ್ತು ಮರುಕ ಆಯಿತು. ಕತ್ತಲಾಗುತ್ತಿತ್ತು. ಕೌಲ್‌ಬಜಾರಿನ ಕಡೆ ಒಂದೊಂದೇ ಲೈಟು ಹತ್ತಿಕೊಂಡವು.

ಆ ಹೊತ್ತಿಗೆ ಮ್ಯಾನ್ಲಿಯಿಂದ ವಾಪಸು ಬಂದ ಸಂಜೆ ನೆನಪಾಯಿತು. ಗಾಳಿ ಜೋರಾಗಿತ್ತು. ಅವ್ವ ಕಿವಿ ಮುಚ್ಚಿ ಸೆರಗು ಕಟ್ಟಿಕೊಂಡು ಹೊರಗೇ ನಿಂತಿದ್ದಳು. ಒಳಗೆ ಬಾ ಅಂದರೆ ಕೇಳಲಿಲ್ಲ. ದೂರದಲ್ಲಿ ಬುರುಜಿನ ಮೇಲೆ ದೀಪ ಕಂಡಿತು. ಊರಿನ ಅಷ್ಟೊಂದು ಬೆಳಕಿನ ನಡುವೆ ಅದು ಏನೂ ಅಲ್ಲ. ಅವ್ವ ಮಾತ್ರ ಅದು ಹಿಂದೆ ಸರಿಯುವವರೆಗೂ ಕತ್ತು ತಿರುಗಿಸಿ ನೋಡಿದಳು. "ಇಷ್ಟ ಸಣ್ಣದಿತ್ತು ನಮ್ಮ ಕಂದೀಲೂ" ಅಂದಳು.

ಈಗ ಮನೆಯಲ್ಲಿ ಒಂದು ಹೊಸ ರೂಢಿ ಶುರುವಾಗಿದೆ. ಸಿಡ್ನಿಯ ಭರತ ಇಳಿತದ ಪಟ್ಟಿಯನ್ನು ಫೋರ್ಟ್ ಡೆನಿಸನ್ನಿನ ಹೆಸರಲ್ಲೇ ಹಾಕುತ್ತಾರೆ. ತಮ್ಮ ಅದನ್ನು ಫೋನಿಗೆ ಕಳಿಸುತ್ತಾನೆ. ಅವ್ವ ಅಜ್ಜನ ಗೇಜು ಪುಸ್ತಕದ ಖಾಲಿ ಹಾಳೆ ತೆಗೆಸಿ, ಎಡಕ್ಕೆ ಡ್ಯಾಮಿನ ಮಟ್ಟ, ಬಲಕ್ಕೆ ಸಿಡ್ನಿಯದ್ದು ಬರೆಸುತ್ತಾಳೆ. ಪುಡಿಯಾಗುವ ಹಾಳೆ ಮೇಲೆ ಬರೆಯಲು ನನಗೆ ಜೀವ ಹೋಗುತ್ತದೆ. ಮೊನ್ನೆ ಬಲಗಡೆ 1.5 ಮೀಟರ್ ಎಂದು ಬರೆಯಲು ಹೋದೆ.

"ಮೀಟರ್ ಬ್ಯಾಡ. ಅಡಿ ಮಾಡು."

ಲೆಕ್ಕ ಹಾಕಿದೆ. ಐದಡಿಗೆ ಒಂದು ಚೂರು ಕಡಿಮೆ ಅಂದೆ.

"ಚೂರು ಗೀರು ಅಂದ್ರ ನಮ್ಮಪ್ಪ ಸುಮ್ನಿರತಿದ್ದಿಲ್ಲ. ಎಷ್ಟಂತ ಹೇಳು."

"ನಾಲ್ಕು ಪಾಯಿಂಟ್ ಒಂಬತ್ತು."

"ಹಂಗ ಬರಿ. ಪೆನ್ಸಿಲ್ಲಾಗ ಬರಿ."